ಭಕ್ತಿಕಾವ್ಯದ ಹಕ್ಕಿ ಬರಿಯ ಉಪಮಾನವೆ?



ಕನ್ನಡ ಪದ್ಯಪಾಠಗಳಲ್ಲಿ ವಚನಗಳಿಗೂ ಕೀರ್ತನೆಗಳಿಗೂ ಮೊದಲಿನಿಂದ ಹಿರಿಯ ಸ್ಥಾನವುಂಟು. ಗಿಳಿ, ಕೋಗಿಲೆ, ದುಂಬಿ, ನವಿಲು, ಬೆಟ್ಟ, ಕಡಲು, ಹುಳು, ಹೂವು, ಹೀಗೆ ನಿಸರ್ಗದ ಸಮಸ್ತ ಪರಿವಾರವೂ ಅವುಗಳಲ್ಲಿ ನೆರೆದಿರುತ್ತದೆ. ಪರೀಕ್ಷೆಗೆ ಸಿದ್ಧರಾಗುವಾಗ ನೀವು ಇವುಗಳನ್ನೆಲ್ಲ ಹೇಗೆ ಓದುತ್ತೀರಿ? ಟಿಪ್ಪಣಿಪುಸ್ತಕದ ಎಡಬದಿಗೆ 'ನದಿ' ಎಂದು ಬರೆದು ಬಲಬದಿಗೆ 'ಜೀವಾತ್ಮ' ಎಂದು ಬರೆಯುತ್ತೀರಿ. 'ಕಡಲು' ಎಂಬುದರ ಎದುರಿಗೆ 'ಪರಮಾತ್ಮ' ಎನ್ನುತ್ತೀರಿ. 'ದುಂಬಿ'ಗೆ 'ಭಕ್ತ', 'ಹೂವಿ'ಗೆ 'ಭಗವಂತ'. ಈ ಪಟ್ಟಿಯು ಬಾಯಿಪಾಠವಾದರೆ ಪದ್ಯವು ತಿಳಿಯಿತೆಂದು ಸಮಾಧಾನ ಹೊಂದುತ್ತೀರಿ. ಅಂಕಗಳು ಬರುವುದೂ ನಿಜ. ಆದರೆ ಪದ್ಯವು ನಿಮ್ಮೊಡನೆ ಮನೆಗೆ ಬಂದಿತೆ?

ಬರಲಿಲ್ಲವೆಂಬುದೇ ನನ್ನ ಅಭಿಪ್ರಾಯ. ಬೀಗದ ಕೈ ಸಿಕ್ಕ ಮೇಲೆ ಬೀಗವನ್ನು ಯಾರು ನೋಡುತ್ತಾರೆ? ಹಾಗೆಯೇ ಅರ್ಥದ ಪಟ್ಟಿ ಕೈಗೆ ಬಂದ ಮೇಲೆ ಗಿಳಿಯನ್ನು ಯಾರೂ ನೋಡುವುದಿಲ್ಲ. ಗಿಳಿಯನ್ನು ನೋಡದೆ ಓದಿದ ಪದ್ಯದಲ್ಲಿ ಉಳಿಯುವುದು ಉಪದೇಶವೊಂದೇ. ಉಪದೇಶಕ್ಕೆ ಕಾವ್ಯವೇಕೆ ಬೇಕು? ಗದ್ಯದಲ್ಲಿ ಎರಡು ವಾಕ್ಯ ಸಾಕು. ಆದುದರಿಂದ ಭಕ್ತಿಕಾವ್ಯದ ಹಕ್ಕಿಯು ಮೊದಲು ಹಕ್ಕಿ, ಅನಂತರ ಉಪಮಾನ. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಕಾವ್ಯವೂ ಕೆಡುತ್ತದೆ, ಭಕ್ತಿಯೂ ಬಡವಾಗುತ್ತದೆ. ಈ ಮಾತನ್ನು ಕೆಲವು ಉದಾಹರಣೆಗಳಿಂದ ಸಮರ್ಥಿಸಲು ಇಲ್ಲಿ ಯತ್ನಿಸುತ್ತೇನೆ.

ಅಲಂಕಾರಶಾಸ್ತ್ರವನ್ನು ನಾನು ಹಳಿಯುತ್ತಿಲ್ಲ. ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ ಎಂಬ ನಾಲ್ಕು ಅಂಗಗಳನ್ನು ಗುರುತಿಸಿ ಲಕ್ಷಣಸಮನ್ವಯ ಮಾಡುವುದು ಬುದ್ಧಿಗೆ ಒಳ್ಳೆಯ ವ್ಯಾಯಾಮ. ಆದರೆ ಕವಿಯು ಈ ನಾಲ್ಕನ್ನು ಬೇರೆಬೇರೆಯಾಗಿ ತಂದು ಜೋಡಿಸುವುದಿಲ್ಲ. ಅವನಿಗೆ ಅವು ಒಟ್ಟಿಗೇ ಕಾಣುತ್ತವೆ. ಹಾಗೆ ಒಟ್ಟಿಗೇ ಕಂಡದ್ದನ್ನು ವಿಮರ್ಶಕರು 'ಪ್ರತಿಮೆ' ಎಂದು ಕರೆಯುತ್ತಾರೆ. ಗುಡಿಯ ವಿಗ್ರಹಕ್ಕೂ ನಾವು ಪ್ರತಿಮೆ ಎಂದೇ ಹೇಳುತ್ತೇವಲ್ಲವೆ? ಭಕ್ತನು ವಿಗ್ರಹದೆದುರು ನಿಂತು 'ಇದು ಕಲ್ಲು, ಇದರರ್ಥ ದೇವರು' ಎಂದು ಟಿಪ್ಪಣಿ ಬರೆಯುವುದಿಲ್ಲ. ಅದರ ಮುಖವನ್ನು ಕಣ್ತುಂಬ ನೋಡುತ್ತಾನೆ. ಕಾವ್ಯದ ಪ್ರತಿಮೆಯೂ ಅಷ್ಟು ನೋಟವನ್ನು ಬೇಡುತ್ತದೆ.

ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯನ್ನೇ ತೆಗೆದುಕೊಳ್ಳೋಣ. ಉಡುತಡಿಯಿಂದ ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ಆಕೆ ನಡೆದಳೆಂದು ಪರಂಪರೆಯು ಹೇಳುತ್ತದೆ. ಅವಳ ಪ್ರಸಿದ್ಧ ವಚನವೊಂದರಲ್ಲಿ ಆಕೆ ಗಿಳಿಗಳನ್ನೂ ಕೋಗಿಲೆಗಳನ್ನೂ ದುಂಬಿಗಳನ್ನೂ ಕೊಳದ ಹಂಸೆಗಳನ್ನೂ ಗಿರಿಕಂದರದ ನವಿಲುಗಳನ್ನೂ ಒಂದೊಂದಾಗಿ ಕರೆದು, ತನ್ನ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ವಿಚಾರಿಸುತ್ತಾಳೆ. ಇಲ್ಲಿ ಗಿಳಿಯು ಯಾವುದರ ಸಂಕೇತ ಎಂದು ಕೇಳುವವರುಂಟು. ನಾನು ಅವರಿಗೆ ಮರುಪ್ರಶ್ನೆ ಹಾಕುತ್ತೇನೆ: ಸಂಕೇತವನ್ನು ಯಾರಾದರೂ ದಾರಿ ಕೇಳುತ್ತಾರೆಯೆ? ದಾರಿ ಕೇಳುವುದು ಬದುಕಿರುವವರನ್ನು. ಆ ಸ್ಥಳವನ್ನು ನಮಗಿಂತ ಚೆನ್ನಾಗಿ ಬಲ್ಲವರನ್ನು. ಕಾಡಿನ ಮೂಲೆಮೂಲೆಯನ್ನು ಗಿಳಿಯು ಬಲ್ಲದು, ಹೂವಿನ ಒಳಮನೆಯನ್ನು ದುಂಬಿಯು ಹೊಕ್ಕಿದೆ, ಕೊಳದ ದಡವು ಹಂಸೆಯದು, ಕಂದರವು ನವಿಲಿನದು. ಹೀಗೆ ಒಂದೊಂದು ಜೀವಿಯನ್ನೂ ಅದರದರ ನೆಲೆಯಲ್ಲಿಯೇ ಕಂಡು ಮಾತನಾಡಿಸಿದುದರಿಂದಲೇ ಆ ಹುಡುಕಾಟಕ್ಕೆ ಅಷ್ಟು ಆರ್ತತೆ ಬಂದಿದೆ. ಪಕ್ಷಿಗಳು ಬರಿಯ ಗುರುತುಗಳಾಗಿದ್ದರೆ ಅಕ್ಕನ ಕೂಗು ಗೋಡೆಗೆ ಹೇಳಿದ ಮಾತಾಗುತ್ತಿತ್ತು.

ಇನ್ನು ಎರಡನೆಯ ವಿಚಾರ. 'ಗುರುಗಳೇ, ನಾವು ಮುಂಬಯಿಯ ಮಕ್ಕಳು. ನಮಗೆ ಕಾಡೆಲ್ಲಿ, ಕಂದರವೆಲ್ಲಿ? ಇವೆಲ್ಲ ಊರಿನ ಕಡೆಯವರ ಕಾವ್ಯ' ಎಂದು ನಿಮ್ಮಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇನೆ. ನಗರದ ಮಗುವಿಗೆ ನಿಸರ್ಗಕಾವ್ಯವು ದೂರವೆಂಬ ಈ ಮಾತು ವಿನಯದಂತೆ ತೋರಿದರೂ ವಾಸ್ತವವಾಗಿ ನಿಮ್ಮ ಹಕ್ಕನ್ನು ನೀವೇ ಬಿಟ್ಟುಕೊಟ್ಟಂತೆ. ಇದಕ್ಕೂ ಅಕ್ಕನಲ್ಲಿಯೇ ಉತ್ತರವಿದೆ. ಇನ್ನೊಂದು ವಚನದಲ್ಲಿ ಆಕೆ ಮೂರು ಮನೆಗಳನ್ನು ಕಲ್ಪಿಸುತ್ತಾಳೆ. ಒಂದು ಬೆಟ್ಟದ ಮೇಲೆ. ಅಲ್ಲಿ ಮನೆ ಮಾಡಿದ ಮೇಲೆ ಮೃಗಗಳಿಗೆ ಅಂಜಬಾರದು. ಇನ್ನೊಂದು ಸಮುದ್ರದ ತಡಿಯಲ್ಲಿ. ಅಲ್ಲಿ ತೆರೆಗಳಿಗೆ ಅಂಜಬಾರದು. ಮತ್ತೊಂದು ಸಂತೆಯ ನಡುವೆ. ಅಲ್ಲಿ ಗದ್ದಲಕ್ಕೆ ನಾಚಬಾರದು. ಹಾಗೆಯೇ ಲೋಕದಲ್ಲಿ ಹುಟ್ಟಿದ ಮೇಲೆ ಸ್ತುತಿನಿಂದೆಗಳು ಬಂದರೆ ಕೋಪ ತಾಳದೆ ಸಮಾಧಾನದಿಂದಿರಬೇಕು.

ಈ ಮೂರು ಮನೆಗಳ ಸಾಲನ್ನು ಸ್ವಲ್ಪ ನಿಧಾನವಾಗಿ ನೋಡಿರಿ. ಬೆಟ್ಟವೂ ಕಡಲೂ ನಿಸರ್ಗ; ಸಂತೆಯು ಮನುಷ್ಯರದು. ಆದರೆ ಅಕ್ಕನು ಅವುಗಳ ನಡುವೆ ಗೆರೆ ಎಳೆಯಲಿಲ್ಲ. ಮೃಗದ ಗರ್ಜನೆ, ತೆರೆಯ ಮೊರೆತ, ಸಂತೆಯ ಸದ್ದು, ಮೂರೂ ಅವಳಿಗೆ ಒಂದೇ ಪಂಕ್ತಿಯವು. ಈಗ ನಮ್ಮ ನಗರವನ್ನು ನೋಡಿರಿ. ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳಲ್ಲಿ ಇಂದಿಗೂ ಚಿರತೆಗಳಿವೆ. ಅದರ ಅಂಚಿನಲ್ಲಿಯೇ ಮನೆಗಳಿವೆ. ಮಳೆಗಾಲದ ಭರತದ ವೇಳೆ ಮರೀನ್ ಡ್ರೈವಿನ ಕಟ್ಟೆಯನ್ನು ದಾಟಿ ತೆರೆಗಳು ರಸ್ತೆಗೆ ಹಾರುತ್ತವೆ. ದಾದರಿನ ಹೂವಿನ ಮಾರುಕಟ್ಟೆಯ ಗದ್ದಲವು ನಿಮಗೆ ಚಿರಪರಿಚಿತ. ಅಕ್ಕನ ಮೂರು ಮನೆಗಳೂ ಒಂದೇ ನಗರದಲ್ಲಿ, ಒಂದೇ ಲೋಕಲ್ ಗಾಡಿಯ ಹಾದಿಯಲ್ಲಿ ಸಿಗುವುದಾದರೆ ಆ ವಚನವನ್ನು ಅರಿಯಲು ನಿಮಗಿಂತ ಅಧಿಕಾರಿಗಳು ಯಾರು? ರೈಲುಹಳಿಯ ಪಕ್ಕದ ಮನೆಯಲ್ಲಿ ಕುಳಿತು ಪಾಠ ಓದುವ ಹುಡುಗನಿಗೆ ಸದ್ದಿನ ನಡುವಿನ ಸಮಾಧಾನವೆಂದರೇನೆಂದು ಭಾಷ್ಯ ಬರೆದು ತಿಳಿಸಬೇಕಾಗಿಲ್ಲ.

ಇದೇ ವಚನವು ಇನ್ನೊಂದು ತಪ್ಪುಕಲ್ಪನೆಯನ್ನೂ ದೂರಮಾಡುತ್ತದೆ. ಭಕ್ತಕವಿಗಳು ನಿಸರ್ಗದ ಸೌಮ್ಯ ಮುಖವನ್ನಷ್ಟೇ ಕಂಡರು. ಅವರಿಗೆ ಮಳೆಯೆಲ್ಲ ಕರುಣೆ, ಗಾಳಿಯೆಲ್ಲ ಕಂಪು ಎಂಬ ಆಕ್ಷೇಪವುಂಟು. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳೊಳಗೆ ೯೪೪ ಮಿಲಿಮೀಟರು ಮಳೆ ಸುರಿದು, ಮೀಠಿ ನದಿಯು ಉಕ್ಕಿ, ನೂರಾರು ಜನರು ಪ್ರಾಣ ಕಳೆದುಕೊಂಡ ನಗರವಿದು. ಅಂತಹ ನಗರದ ಮಕ್ಕಳಿಗೆ ಮಳೆಯೆಂದರೆ ದೇವರ ಕರುಣೆ ಎಂದಷ್ಟೇ ಹೇಳಿದರೆ ಅವರು ನಂಬಬೇಕೇಕೆ? ಆದರೆ ಅಕ್ಕನು ತೆರೆಯು ಹೊಡೆಯುವುದಿಲ್ಲವೆಂದು ಎಲ್ಲಿಯೂ ಹೇಳಲಿಲ್ಲ. ಮೃಗವು ಕಚ್ಚುವುದಿಲ್ಲವೆಂದೂ ಹೇಳಲಿಲ್ಲ. ಅವು ಇವೆ, ಇರುತ್ತವೆ. ಅವುಗಳ ನಡುವೆ ಮನೆ ಮಾಡಿದ ನಾವು ಹೇಗಿರಬೇಕೆಂಬುದೇ ಅವಳ ಮಾತು. ಭಯವನ್ನು ಒಪ್ಪಿಕೊಂಡು ಹೇಳಿದ ಧೈರ್ಯವಾದುದರಿಂದಲೇ ಅದಕ್ಕೆ ಬೆಲೆಯುಂಟು. ತೆರೆಯನ್ನು ಕಂಡರಿಯದವನು ಹೇಳುವ ಧೈರ್ಯವು ಬರಿಯ ಬಾಯಿಮಾತು.

ನಿಸರ್ಗವನ್ನು ಎಷ್ಟು ಹತ್ತಿರದಿಂದ ನೋಡಿದರೆ ಪ್ರತಿಮೆಯು ಅಷ್ಟು ಆಳವಾಗುತ್ತದೆಂಬುದಕ್ಕೆ ಅಕ್ಕನ ರೇಷ್ಮೆಹುಳುವಿನ ವಚನವು ಶ್ರೇಷ್ಠ ನಿದರ್ಶನ. ತನ್ನ ನೂಲಿನಿಂದಲೇ ಮನೆ ಕಟ್ಟಿ, ಅದೇ ನೂಲು ತನ್ನನ್ನು ಸುತ್ತಿ ಸಾಯುವ ಹುಳುವಿನಂತೆ ಮನಸ್ಸಿನ ಬಯಕೆಗಳಿಂದ ತಾನು ಬೇಯುತ್ತಿರುವೆನೆಂದು ಅಲ್ಲಿ ಆಕೆ ಮೊರೆಯಿಡುತ್ತಾಳೆ. ದುರಾಸೆಯನ್ನು ಬಿಡಿಸಿ ನಿನ್ನತ್ತ ದಾರಿ ತೋರೆಂದು ದೇವರನ್ನು ಬೇಡುತ್ತಾಳೆ. 'ಹುಳು ಎಂದರೆ ಜೀವ, ನೂಲು ಎಂದರೆ ಆಸೆ' ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಬಹುದು. ಆದರೆ ಹುಳುವನ್ನೇ ನೋಡೋಣ.

ಹಿಪ್ಪುನೇರಳೆ ಸೊಪ್ಪನ್ನು ತಿಂದು ಬಲಿತ ಹುಳುವನ್ನು ರೈತರು ಚಂದ್ರಿಕೆಗೆ ಬಿಡುತ್ತಾರೆ. ಅದು ತಲೆಯನ್ನು ಅತ್ತಿತ್ತ ಆಡಿಸುತ್ತ, ಬಾಯಿಯಿಂದ ಅಂಟುದ್ರವವನ್ನು ಎಳೆಯೆಳೆಯಾಗಿ ಹೊರಡಿಸುತ್ತ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟುತ್ತದೆ. ಆ ಗೂಡಿನಲ್ಲಿರುವುದು ನೂರಾರು ಮೀಟರು ಉದ್ದದ, ಎಲ್ಲಿಯೂ ಕಡಿಯದ ಒಂದೇ ನೂಲು. ಹೊರಗಿನಿಂದ ಯಾರೂ ಅದಕ್ಕೆ ನೂಲು ತಂದುಕೊಡಲಿಲ್ಲ. ಅದರ ಬಂಧನವು ಅದರ ಮೈಯಿಂದಲೇ ಬಂದದ್ದು. ಅಕ್ಕನು ಇಲ್ಲಿ ಬಳಸಿರುವ 'ಸ್ನೇಹ' ಎಂಬ ಪದಕ್ಕೆ ಒಲವು ಎಂಬ ಅರ್ಥವೂ ಉಂಟು, ಜಿಡ್ಡು ಎಂಬ ಅರ್ಥವೂ ಉಂಟು. ಹುಳುವಿನ ಅಂಟನ್ನು ಬಲ್ಲವನಿಗೆ ಈ ಎರಡು ಅರ್ಥಗಳು ಒಂದರೊಳಗೊಂದು ಹೊಸೆದುಕೊಂಡಿರುವುದು ತಟ್ಟನೆ ಹೊಳೆಯುತ್ತದೆ. ಮತ್ತೆ, ನೂಲು ಬಿಚ್ಚುವವರು ಗೂಡುಗಳನ್ನು ಕುದಿನೀರಿಗೆ ಹಾಕುವುದನ್ನು ಬಲ್ಲವನಿಗೆ, ಬಯಕೆಯಿಂದ 'ಬೇಯುವ' ಮಾತು ಅಲ್ಲಿ ಅಕಸ್ಮಾತ್ತಾಗಿ ಬಂದಂತೆ ತೋರುವುದಿಲ್ಲ.

ಜೀವಶಾಸ್ತ್ರ ಓದಿದ ಚುರುಕು ಬುದ್ಧಿಯ ವಿದ್ಯಾರ್ಥಿನಿಯೊಬ್ಬಳು ತರಗತಿಯಲ್ಲಿ ಕೇಳಿದಳು: 'ಹುಳು ಗೂಡಿನೊಳಗೆ ಸಾಯುವುದಿಲ್ಲವಲ್ಲ, ಚಿಟ್ಟೆಯಾಗಿ ಹೊರಬರುತ್ತದಲ್ಲ?' ಪ್ರಶ್ನೆಯು ನ್ಯಾಯವಾದುದು. ಬಿಟ್ಟರೆ ಅದು ಗೂಡನ್ನು ತೂತು ಮಾಡಿ ಪತಂಗವಾಗಿ ಹೊರಬರುವುದು ಸತ್ಯ. ಹಾಗೆ ಹೊರಬಂದರೆ ನೂಲು ಕಡಿದುಹೋಗುವುದೆಂದು ನೂಲು ಬಿಚ್ಚುವವರು ಮೊದಲೇ ಕಾವು ಕೊಟ್ಟು ಅದನ್ನು ಕೊಲ್ಲುವುದೂ ಸತ್ಯ. ರಾಮನಗರದ ಮಾರುಕಟ್ಟೆಗೆ ಬುಟ್ಟಿಬುಟ್ಟಿಯಾಗಿ ಬರುವ ಗೂಡುಗಳಲ್ಲಿ ಬಹುಮಟ್ಟಿಗೆ ಎಲ್ಲಕ್ಕೂ ಅದೇ ಗತಿ. ಕವಿಯು ಹುಳುವಿನ ಜೀವನಚರಿತ್ರೆಯನ್ನು ಬರೆಯುತ್ತಿಲ್ಲ. ಅದರ ಒಂದು ಗಳಿಗೆಯನ್ನು ಆರಿಸಿಕೊಂಡಿದ್ದಾನೆ. ಆದರೆ ಆ ವಿದ್ಯಾರ್ಥಿನಿಯ ಪ್ರಶ್ನೆಯಿಂದ ವಚನಕ್ಕೆ ಕುಂದು ಬರಲಿಲ್ಲ, ಬದಲಾಗಿ ಬಾಗಿಲೊಂದು ತೆರೆಯಿತು: ರೆಕ್ಕೆ ಮೂಡಿ ಹಾರುವ ಸಾಧ್ಯತೆಯುಳ್ಳ ಜೀವವು ಗೂಡಿನಲ್ಲಿಯೇ ಸಾಯುವುದಾದರೆ ಅದು ಎಷ್ಟು ದೊಡ್ಡ ನಷ್ಟ! ದಾರಿ ತೋರೆಂಬ ಮೊರೆಯು ಎಷ್ಟು ಸಹಜ! ವಿಜ್ಞಾನವನ್ನು ಕಲಿತರೆ ಭಕ್ತಿಕಾವ್ಯವು ಹಾಳಾಗುತ್ತದೆಂದು ಅಂಜುವವರು ಈ ಸಂಗತಿಯನ್ನು ಗಮನಿಸಬೇಕು.

ಎಲ್ಲ ಪ್ರತಿಮೆಗಳೂ ಹೀಗೆ ಕಣ್ಣಾರೆ ಕಂಡವುಗಳೆಂದು ನಾನು ಹೇಳುವುದಿಲ್ಲ. ಬಸವಣ್ಣನವರ ವಚನವೊಂದರಲ್ಲಿ ಚಕೋರಕ್ಕೆ ಬೆಳದಿಂಗಳಿನ ಚಿಂತೆ, ತಾವರೆಗೆ ಸೂರ್ಯೋದಯದ ಚಿಂತೆ, ದುಂಬಿಗೆ ಮಕರಂದದ ಚಿಂತೆ, ತಮಗೆ ಕೂಡಲಸಂಗಮದೇವನ ಚಿಂತೆ ಎಂಬ ಭಾವವಿದೆ. ಇವುಗಳಲ್ಲಿ ತಾವರೆಯೂ ದುಂಬಿಯೂ ಕಂಡ ಸಂಗತಿಗಳು. ಚಕೋರವಾದರೋ ಬೆಳದಿಂಗಳನ್ನೇ ಉಂಡು ಬದುಕುವುದೆಂಬುದು ಕವಿಸಮಯ. ಇಂದು ಚಕೋರವೆಂದು ಗುರುತಿಸುವ ಹಕ್ಕಿಯು ಪಶ್ಚಿಮ ಹಿಮಾಲಯದ ಕಲ್ಲುಗುಡ್ಡಗಳಲ್ಲಿ ವಾಸಿಸುವಂತಹುದು. ಕಾಳು, ಚಿಗುರು, ಕೀಟಗಳು ಅದರ ಆಹಾರ. ಹಂಸವು ಹಾಲುನೀರುಗಳನ್ನು ಬೇರ್ಪಡಿಸುವುದೆಂಬುದೂ ಇಂತಹುದೇ. ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಇಂತಹ ಕವಿಸಮಯಗಳನ್ನು ವಿವರವಾಗಿ ಚರ್ಚಿಸಿದ್ದಾನೆ. ಇವು ಸುಳ್ಳುಗಳೆಂದು ತಳ್ಳಿಹಾಕುವುದು ಅರಸಿಕತೆ. ಊರಿನವರೆಲ್ಲ ಬಲ್ಲ ಹಳೆಯ ನಾಣ್ಯದಂತೆ ಅವು ಕೈಯಿಂದ ಕೈಗೆ ಬಂದವು. ಹೇಳುವವನಿಗೂ ಕೇಳುವವನಿಗೂ ಅವುಗಳ ಬೆಲೆ ತಿಳಿದಿದೆ. ಆದರೆ ಬಹಳ ಕೈಗಳಲ್ಲಿ ಓಡಾಡಿದ ನಾಣ್ಯದ ಮುದ್ರೆ ಸವೆಯುವುದೂ ಉಂಟು. ಬಸವಣ್ಣನವರು ಸವೆದ ಚಕೋರದ ಪಕ್ಕದಲ್ಲಿ ನಿತ್ಯವೂ ಕಾಣುವ ದುಂಬಿಯನ್ನು ಕೂರಿಸಿದುದರಿಂದ ಆ ಸಾಲಿಗೆ ಜೀವ ಬಂದಿತು.

ಕವಿಸಮಯದ ಹಿಂದೆಯೂ ಕೆಲವೊಮ್ಮೆ ನಿಜವಾದ ನೋಟವು ಅಡಗಿರುತ್ತದೆ. ಚಾತಕವು ಮಳೆಹನಿಯನ್ನಲ್ಲದೆ ಬೇರೆ ನೀರನ್ನು ಕುಡಿಯದೆಂಬುದು ಕಲ್ಪನೆ. ಆದರೆ ಆ ಹಕ್ಕಿಯು ಮುಂಗಾರಿನ ವೇಳೆಗೆ ಸಮುದ್ರವನ್ನು ದಾಟಿ ಆಫ್ರಿಕದ ಕಡೆಯಿಂದ ನಮ್ಮ ದೇಶಕ್ಕೆ ಬರುವುದು ಪಕ್ಷಿಶಾಸ್ತ್ರಜ್ಞರು ಒಪ್ಪಿದ ಸಂಗತಿ. ಮಳೆಯೊಡನೆ ಬರುವ ಹಕ್ಕಿಯನ್ನು ಕಂಡ ಹಿರಿಯರು ಅದನ್ನು ಮಳೆಯ ಬಂಧುವೆಂದು ಭಾವಿಸಿದರು. ಆದುದರಿಂದ ಕವಿಸಮಯವು ಎದುರಾದಾಗ 'ಇದು ಸುಳ್ಳು' ಎಂದು ನಗುವ ಮೊದಲು 'ಇದರಲ್ಲಿ ಕಂಡದ್ದೆಷ್ಟು, ಕಟ್ಟಿದ್ದೆಷ್ಟು?' ಎಂದು ಕೇಳಿಕೊಳ್ಳುವ ಅಭ್ಯಾಸವಿರಲಿ.

ಹದಿನಾರನೆಯ ಶತಮಾನದ ಕನಕದಾಸರ ಕೀರ್ತನೆಯೊಂದು ಕಳವಳಗೊಂಡ ಮನಸ್ಸಿಗೆ ಧೈರ್ಯ ಹೇಳುತ್ತದೆ. ಬೆಟ್ಟದ ತುದಿಯ ಮರಕ್ಕೆ ಕಟ್ಟೆ ಕಟ್ಟಿ ನೀರೆರೆದವರು ಯಾರು, ನವಿಲಿಗೆ ಚಿತ್ತಾರ ಬರೆದವರು ಯಾರು, ಕಲ್ಲಿನಲ್ಲಿ ಹುಟ್ಟಿದ ಕಪ್ಪೆಗೆ ಆಹಾರವಿತ್ತವರು ಯಾರು ಎಂದು ದಾಸರು ಕೇಳುತ್ತಾರೆ. ಬೆಟ್ಟದ ತುದಿಗೆ ನೀವು ಹೋಗಬೇಕಾಗಿಲ್ಲ. ಗಿರಣಗಾಂವಿನ ಯಾವುದೇ ಹಳೆಯ ಚಾಳಿನ ಗೋಡೆಯನ್ನು ತಲೆಯೆತ್ತಿ ನೋಡಿರಿ: ಮೂರನೆಯ ಮಹಡಿಯ ಬಿರುಕಿನಲ್ಲಿ ಅರಳಿಯ ಸಸಿಯೊಂದು ತಾಮ್ರವರ್ಣದ ಚಿಗುರನ್ನು ಬಿಟ್ಟುಕೊಂಡು ನಿಂತಿರುತ್ತದೆ. ಅದಕ್ಕೆ ಮಣ್ಣಿಲ್ಲ, ಪಾತಿಯಿಲ್ಲ, ನೀರೆರೆದವರಿಲ್ಲ. ಹಣ್ಣು ತಿಂದ ಹಕ್ಕಿಯು ಬೀಜವನ್ನು ಅಲ್ಲಿ ಉದುರಿಸಿತು, ಮುಂಗಾರು ನೀರೆರೆಯಿತು, ಗೋಡೆಯ ಹಳೆಯ ಗಾರೆಯು ತೇವವನ್ನು ಹಿಡಿದಿಟ್ಟುಕೊಂಡಿತು. ದಾಸರ ಪ್ರಶ್ನೆಗೆ ಸಸ್ಯಶಾಸ್ತ್ರವು ಕೊಡುವ ಉತ್ತರವಿದು. ಈ ಉತ್ತರದಿಂದ ಪ್ರಶ್ನೆಯು ಮುಗಿಯಿತೆ? ಭಕ್ತನು ಆ ಹಕ್ಕಿಯ ಹಿಂದೆಯೂ ಮುಂಗಾರಿನ ಹಿಂದೆಯೂ ಒಂದು ಕೈಯನ್ನು ಕಾಣುತ್ತಾನೆ; ಭಕ್ತನಲ್ಲದವನಿಗೆ ಆ ಹಕ್ಕಿಯೂ ಮುಂಗಾರೂ ಸಾಕಷ್ಟು ಬೆರಗನ್ನುಂಟುಮಾಡುತ್ತವೆ. ಇಬ್ಬರೂ ತಲೆಯೆತ್ತಿ ನೋಡುವುದು ಅದೇ ಸಸಿಯನ್ನು.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ತರಗತಿಗಳಲ್ಲಿ ಬೇರೆಬೇರೆ ಮನೆತನಗಳ, ಬೇರೆಬೇರೆ ಮತಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ದೇವರ ವಿಷಯದಲ್ಲಿ ಸಂದೇಹವುಳ್ಳ ಬಾಲಕರೂ ಇಲ್ಲದಿಲ್ಲ. ಪದ್ಯವನ್ನು ಬರಿಯ ಸಿದ್ಧಾಂತವಾಗಿ ಕಲಿಸಿದರೆ ಒಪ್ಪುವವನು ಒಳಗೆ, ಒಪ್ಪದವನು ಹೊರಗೆ ಎಂದಾಗುತ್ತದೆ. ಪ್ರತಿಮೆಯಾದರೋ ಎಲ್ಲರಿಗೂ ಸೇರಿದ ಜಗಲಿ. ಹುಳುವು ಗೂಡು ಕಟ್ಟುವುದನ್ನು ನೋಡಲು, ಗೋಡೆಯ ಸಸಿಗೆ ಅಚ್ಚರಿಪಡಲು ಯಾವ ಮತದ ಪ್ರವೇಶಪತ್ರವೂ ಬೇಡ. ಒಳಮನೆಗೆ ಹೋಗುವುದು ಬಿಡುವುದು ಅವರವರ ಇಚ್ಛೆ. ಜಗಲಿಯಲ್ಲಿ ಎಲ್ಲರೂ ಕೂಡಬಹುದು. ನೆರೆಮನೆಯ ಮರಾಠಿ ಗೆಳೆಯನೂ ಅಲ್ಲಿಗೆ ಬರುತ್ತಾನೆ. ಅವನ ಪಠ್ಯದಲ್ಲಿ ದೇಹೂವಿನ ತುಕಾರಾಮರು ಗಿಡಬಳ್ಳಿಗಳೂ ವನಚರಗಳೂ ತಮ್ಮ ನೆಂಟರೆಂದು ಹೇಳಿರುವುದನ್ನು ಅವನು ನಿಮಗೆ ತಿಳಿಸಲಿ; ಅಕ್ಕನು ಗಿಳಿಗಳನ್ನು ವಿಚಾರಿಸಿದುದನ್ನು ನೀವು ಅವನಿಗೆ ತಿಳಿಸಿರಿ. ಪಂಢರಪುರದ ವಿಠ್ಠಲನ ಹೆಸರನ್ನೇ ಪುರಂದರದಾಸರು ತಮ್ಮ ಅಂಕಿತದಲ್ಲಿ ಇಟ್ಟುಕೊಂಡಿರುವಾಗ ಈ ವಿನಿಮಯವು ಹೊಸದೇನೂ ಅಲ್ಲ.

ಅಂಕಿತಗಳ ಮಾತು ಬಂದಿತು. ಅವುಗಳನ್ನೂ ಒಮ್ಮೆ ನೋಡಿರಿ. ನೀವು ಅವುಗಳನ್ನು 'ಬಸವಣ್ಣ: ಕೂಡಲಸಂಗಮದೇವ' ಎಂದು ಹೊಂದಿಸಿ ಬರೆಯುವ ಪ್ರಶ್ನೆಗೆ ಮಾತ್ರ ಕಲಿತಿದ್ದೀರಿ. ಕೂಡಲಸಂಗಮವೆಂದರೆ ಕೃಷ್ಣೆಯೂ ಮಲಪ್ರಭೆಯೂ ಕೂಡುವ ತಾಣ. ಮಲ್ಲಿಕಾರ್ಜುನ ಎಂಬಲ್ಲಿ ಮಲ್ಲಿಗೆಯ ಹೂವುಂಟು; ಅರ್ಜುನ ಎಂದರೆ ಬಿಳುಪು. ಪ್ರಭುದೇವರ ಅಂಕಿತವಾದ ಗುಹೇಶ್ವರನಲ್ಲಿ ಗುಹೆಯ ಕತ್ತಲೆಯಿದೆ. ಎರಡು ಹೊಳೆಗಳ ಕೂಡಲು, ಒಂದು ಬಿಳಿಯ ಹೂವು, ಒಂದು ಗುಹೆ: ಮೂವರು ಶರಣರ ಮೂರು ಬಗೆಯ ಮನೋಧರ್ಮಗಳೇ ಈ ಹೆಸರುಗಳಲ್ಲಿ ಹೊಳೆಯುವಂತಿವೆ.

ಪ್ರಭುದೇವರ ಪ್ರತಿಮೆಗಳ ರೀತಿಯೇ ಬೇರೆ. ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ಎಲ್ಲಿಯ ಸಂಬಂಧ, ಮಾಮರಕ್ಕೂ ಕೋಗಿಲೆಗೂ ಎಲ್ಲಿಯ ಸಂಬಂಧ ಎಂದು ಕೇಳಿ, ಗುಹೇಶ್ವರನಿಗೂ ತಮಗೂ ಇರುವ ಸಂಬಂಧವನ್ನು ಅದೇ ಬೆರಗಿನಲ್ಲಿ ನಿಲ್ಲಿಸಿಬಿಡುತ್ತಾರೆ. ಉತ್ತರವಿಲ್ಲ, ಉಪದೇಶವಿಲ್ಲ. ಆದರೆ ನಮ್ಮ ತಾಯಂದಿರ ಉಪ್ಪಿನಕಾಯಿಯ ಭರಣಿಯನ್ನು ಕಂಡವರಿಗೆ ಆ ಎರಡು ವಸ್ತುಗಳು ಎಲ್ಲಿ ಕೂಡುತ್ತವೆಂಬುದು ಗೊತ್ತು. ಒಂದು ಬೆಟ್ಟದಿಂದಿಳಿದು ಬಂದಿತು, ಇನ್ನೊಂದು ಕಡಲಿನಿಂದ ಮೇಲೆದ್ದು ಬಂದಿತು. ಭರಣಿಯಲ್ಲಿ ಸೇರಿದ ಮೇಲೆ ಉಪ್ಪು ಯಾವುದು, ಹುಳಿ ಯಾವುದು ಎಂದು ಬೇರ್ಪಡಿಸಲಾಗದು. ಘಟ್ಟದ ಆಚೆಯಿಂದಲೂ ಬಯಲುಸೀಮೆಯಿಂದಲೂ ಈ ಕಡಲಿನ ನಗರಕ್ಕೆ ಬಂದು ನೆಲಸಿದ ನಮ್ಮ ಮನೆತನಗಳ ಮಕ್ಕಳಾದ ನಿಮಗೆ ಈ ಪ್ರತಿಮೆಯು ಬೇರೆ ಯಾರಿಗಿಂತಲೂ ಹೆಚ್ಚು ಆಪ್ತವಾಗಬೇಕು.

ಹಳೆಯ ಕಾಲದಲ್ಲಿ ಮಾತ್ರ ಇಂತಹ ಕಾವ್ಯವಿತ್ತೆಂದು ತಿಳಿಯಬೇಡಿರಿ. ಕುವೆಂಪು ಅವರ 'ದೇವರು ರುಜು ಮಾಡಿದನು' ಎಂಬ ಕವನದಲ್ಲಿ ತುಂಗೆಯ ತೀರದ ಆಕಾಶದಲ್ಲಿ ಬೆಳ್ಳಕ್ಕಿಗಳ ಸಾಲು ಹಾರಿಹೋಗುವುದು ಸೃಷ್ಟಿಯ ಚಿತ್ರಕ್ಕೆ ದೇವರು ಹಾಕಿದ ಸಹಿಯಂತೆ ಕಾಣುತ್ತದೆ. ರುಜು ಎಂಬುದು ಕಚೇರಿಯ ಮಾತು. ನಿಮ್ಮ ಪ್ರಗತಿಪತ್ರದ ಮೇಲೆ ಮುಖ್ಯಾಧ್ಯಾಪಕರು ಹಾಕುವುದೂ ರುಜುವೇ. ಕಾಗದಪತ್ರಗಳ ಲೋಕದ ಆ ಮಾತನ್ನು ಎತ್ತಿಕೊಂಡು ಹೋಗಿ ಕವಿಯು ಆಕಾಶದಲ್ಲಿ ಇಟ್ಟರು. ಸಾಲುಸಾಲಾದ ಹಕ್ಕಿಗಳು ಬಾಗಿ, ಬಳುಕಿ, ಅಕ್ಷರದಂತೆ ತೋರುವುದನ್ನು ಕಂಡವರಿಗಲ್ಲದೆ ಈ ಹೋಲಿಕೆಯು ಹೊಳೆಯಲಾರದು. ಬೆಳ್ಳಕ್ಕಿಗಳು ಠಾಣೆಯ ಖಾರಿಯ ಮೇಲೆಯೂ ಹಾರುತ್ತವೆ. ೨೦೧೫ರಲ್ಲಿ ಆ ಖಾರಿಯ ಒಂದು ಭಾಗವನ್ನು ಫ್ಲೆಮಿಂಗೊ ಹಕ್ಕಿಗಳ ಅಭಯಾರಣ್ಯವೆಂದು ಸಾರಲಾಯಿತು. ೨೦೨೨ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಹಾರ್ಬರ್ ಮಾರ್ಗದ ಗಾಡಿಯು ವಾಶಿಯ ಸೇತುವೆಯನ್ನು ದಾಟುವಾಗ ಕೈಯಲ್ಲಿರುವ ಮೊಬೈಲಿನಿಂದ ಕಣ್ಣೆತ್ತಿ ಕಿಟಕಿಯಾಚೆ ನೋಡುವ ವಿದ್ಯಾರ್ಥಿಗೆ ಆ ರುಜು ಒಂದಲ್ಲ ಒಂದು ದಿನ ಕಂಡೀತು.

ಇಲ್ಲಿ ಇನ್ನೊಂದು ಗಂಭೀರ ವಿಚಾರವಿದೆ. ವಸ್ತುವು ಅಳಿದರೆ ಪ್ರತಿಮೆಯೂ ಕ್ರಮೇಣ ಅಳಿಯುತ್ತದೆ. ವಿಹಾರ ಮತ್ತು ಪವಯಿ ಕೆರೆಗಳ ಕೋಡಿಯ ನೀರಿನಿಂದ ಹುಟ್ಟಿ ಮಾಹಿಮಿನಲ್ಲಿ ಕಡಲನ್ನು ಸೇರುವ ನಮ್ಮ ನದಿಗೆ ಮೀಠಿ, ಎಂದರೆ ಸಿಹಿ, ಎಂದು ಹೆಸರು. ಇಂದು ಅದರ ದಡದಲ್ಲಿ ಮೂಗು ಮುಚ್ಚದೆ ನಿಲ್ಲುವುದು ಕಷ್ಟ. ಇತ್ತೀಚಿನ ವರ್ಷಗಳಲ್ಲಿ ಆಳಂದಿಯ ಬಳಿ ಇಂದ್ರಾಯಣಿಯ ಮೇಲೆ ವಿಷದ ನೊರೆ ತೇಲಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ತುಕಾರಾಮರ ದೇಹೂವಿನ ದಡದಲ್ಲಿ ಹರಿಯುವುದೂ ಅದೇ ನದಿ. ನದಿಯು ಕಡಲನ್ನು ಸೇರುವಂತೆ ಜೀವವು ದೇವರನ್ನು ಸೇರಲಿ ಎಂದು ಹಾಡುತ್ತ ಆ ನದಿಗೆ ಕೊಳೆಯನ್ನು ಸುರಿಯುವ ಸಮಾಜವು ನದಿಯನ್ನೂ ನೋಡಲಿಲ್ಲ, ಹಾಡನ್ನೂ ಕೇಳಲಿಲ್ಲ. 'ನದಿ ಎಂದರೆ ಜೀವಾತ್ಮ' ಎಂದು ಬರೆದು ನದಿಯನ್ನು ಮರೆತ ಟಿಪ್ಪಣಿಪುಸ್ತಕಕ್ಕೂ ಈ ಮರೆವಿಗೂ ದೂರದ ನೆಂಟಸ್ತಿಕೆಯಿದೆಯೆಂದು ನನಗೆ ತೋರುತ್ತದೆ. ಅರ್ಥ ಸಿಕ್ಕಿದೊಡನೆ ವಸ್ತುವನ್ನು ಬಿಸಾಡುವ ಅಭ್ಯಾಸವು ಪುಸ್ತಕದಲ್ಲಿ ಶುರುವಾಗಿ ಹೊಳೆಯವರೆಗೂ ಮುಟ್ಟುತ್ತದೆ.

ಹಾಗಾದರೆ ಮಾಡಬೇಕಾದುದೇನು? ಪರೀಕ್ಷೆಗಳನ್ನು ಬಿಡಿರೆಂದು ನಾನು ಹೇಳಲಾರೆ. ಸಮನ್ವಯವನ್ನೂ ಬರೆಯಿರಿ, ಅಂಕಗಳನ್ನೂ ಪಡೆಯಿರಿ. ಆದರೆ ಒಂದು ವಚನವನ್ನು ಓದುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇದರಲ್ಲಿ ಬರುವ ವಸ್ತುವು ನಿಜವಾಗಿ ಹೇಗಿರುತ್ತದೆ, ಏನು ಮಾಡುತ್ತದೆ? ಕವಿಯು ಅದರ ಯಾವ ಗಳಿಗೆಯನ್ನು ಆರಿಸಿಕೊಂಡಿದ್ದಾನೆ, ಯಾವುದನ್ನು ಬಿಟ್ಟಿದ್ದಾನೆ? ನನ್ನ ಬೀದಿಯಲ್ಲಿ ಅದು, ಅಥವಾ ಅದರ ಬಂಧು, ಎಲ್ಲಿದೆ? ಮೂರನೆಯ ಪ್ರಶ್ನೆಗೆ ಉತ್ತರ ಹುಡುಕಲು ಕಿಟಕಿಯ ಬಳಿಗೆ ಹೋಗಬೇಕಾಗುತ್ತದೆ. ಅಜ್ಜಿಯನ್ನೋ ತಾಯಿಯನ್ನೋ ಒಂದು ಹಳೆಯ ಮಾತಿನ ಅರ್ಥವನ್ನು ಕೇಳಬೇಕಾಗುತ್ತದೆ. ಚಂದ್ರಿಕೆ, ಭರಣಿ, ಕೋಡಿ, ಪಾತಿ ಎಂಬ ಮಾತುಗಳು ಹಾಗೆ ಕೇಳಿದಾಗ ಮಾತ್ರ ಮನೆಯಲ್ಲಿ ಉಳಿಯುತ್ತವೆ. ಈ ನಗರದಲ್ಲಿ ಕನ್ನಡ ತರಗತಿಗಳ ಹಾಜರಿ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿರುವುದನ್ನು ನೀವೇ ಕಾಣುತ್ತಿದ್ದೀರಿ. ಭಾಷೆಯು ಉಳಿಯುವುದು ಘೋಷಣೆಯಿಂದಲ್ಲ. ಒಂದು ವಸ್ತುವನ್ನು ಕಂಡೊಡನೆ ಅದರ ಕನ್ನಡದ ಹೆಸರು ನಾಲಿಗೆಗೆ ಬರುವುದರಿಂದ.

ಅಕ್ಕನು ಗಿಳಿಯನ್ನು ಕೇಳಿದ ಪ್ರಶ್ನೆಗೆ ಗಿಳಿಯು ಉತ್ತ೰ ಕೊಟ್ಟಿತೆಂದು ವಚನವು ಹೇಳುವುದಿಲ್ಲ. ಉತ್ತರವಿಲ್ಲದ ಆ ಪ್ರಶ್ನೆಯು ಎಂಟು ನೂರು ವರ್ಷಗಳಿಂದ ಕನ್ನಡದಲ್ಲಿ ಮೊಳಗುತ್ತಲೇ ಇದೆ. ಅದನ್ನು ಕೇಳಿಸಿಕೊಳ್ಳಬೇಕಾದರೆ ಮೊದಲು ಗಿಳಿಯ ದನಿಗೆ ಕಿವಿಗೊಡುವುದನ್ನು ಕಲಿಯೋಣ.